ಆ ಹುಡುಗಿಗಾಗಿ ಸ್ತೋತ್ರ

ನವೆಂಬರ್ ೧೪, ಗುರುವಾರ

ಮನಶ್ಶಾಂತಿಗಾಗಿ ದಿನಕ್ಕೆ ಮೂರು ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ, ಬರೆಯಲು ಪಾಸ್ಟರ್ ಹೇಳಿದ್ದಾರೆ. ಎರಡು ಬರೆದೆ: ಅತ್ತೆ ಜಾರಿ ಬೀಳಲಿಲ್ಲ, ಹೊಲಿಗೆ ಯಂತ್ರ ಕೈಕೊಡಲಿಲ್ಲ. ಮೂರನೆಯದು ಇನ್ನೂ ಬರೆದಿಲ್ಲ.

ಅತ್ತೆಗೆ ಈಗ ನನ್ನ ಗುರುತು ಸಿಗುವುದಿಲ್ಲ. ಸಂಜೆ ತಲೆ ಬಾಚುತ್ತಿದ್ದಾಗ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. "ಯೇಸಪ್ಪಾ, ನನ್ನ ನೋಡ್ಕೊಳ್ಳೋ ಈ ಹುಡುಗಿಗಾಗಿ ಸ್ತೋತ್ರ. ಕೈ ಎಷ್ಟು ಮೆತ್ತಗಿದೆ. ನಮ್ಮ ಸೊಸೆಯಾಗಿದ್ರೆ ಕೂದಲು ಕಿತ್ತು ಕೈಗೆ ಕೊಡ್ತಿದ್ಲು."

ಇಪ್ಪತ್ತೆರಡು ವರ್ಷ ಈ ಬಾಯಿಂದ ಒಂದು ಒಳ್ಳೆಯ ಮಾತಿಗೆ ಕಾದಿದ್ದೆ. ಬಂತು, ಬೇರೆಯವಳ ಹೆಸರಿಗೆ. ಬಾಚಣಿಗೆ ಹಿಡಿದ ಕೈ ಬಿಗಿಯಾಯಿತು.

"ಆಮೆನ್ ಅನ್ನು ತಾಯಿ," ಎಂದರು. ಅಂದೆ. ಆಮೇಲೆ ಇನ್ನೂ ಮೆತ್ತಗೆ ಬಾಚಿದೆ.

ಮೂರು: ಆ ಹುಡುಗಿಗಾಗಿ ಸ್ತೋತ್ರ, ಕರ್ತನೇ. ಸೊಸೆಯನ್ನು ಮಾತ್ರ ನೀನೇ ಸಮಾಧಾನ ಮಾಡಬೇಕು.