ಹಾಲು ನೋಡದೆ ಹಿಡಿದ ಬೆಕ್ಕು

ಹೊಳಲ್ಕೆರೆ
10 ಮಾರ್ಚ್ 2025, ಸೋಮವಾರ

ಪ್ರೀತಿಯ ಚಂದ್ರಕ್ಕ,

ಎದುರುಮನೆ ಅಂಜಲಿಯ ನಮಸ್ಕಾರ. ನೀವು ಮತ್ತೋಡಿನ ತಂಗಿಯ ಮನೆಗೆ ಹೋಗಿ ಹನ್ನೆರಡು ದಿನವಾಯಿತು. ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಓದದೆ ಹರಿದುಹಾಕಬೇಡಿ. ನಿಮ್ಮ ಮನೆಯ ವಿಷಯವೂ ಇದೆ.

ಬೀದಿಯ ಬೆಕ್ಕುಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸೋಣ ಎಂದಾಗ, "ಅನ್ನ ಹಾಕಿ ಸಾಕ್ದೋಳು ನಾನು, ಹೊಟ್ಟೆ ಕುಯ್ಸಾಕೆ ನೀನ್ಯಾರು?" ಎಂದು ಕೇಳಿ ಹೊರಟುಬಿಟ್ಟಿರಿ. ಆದರೂ ಹಟ ಬಿಡಲಿಲ್ಲ. ನಾನು ಪಾಠ ಮಾಡುವ ಶಾಲೆಯ ಒಂದು ಕೊಠಡಿ ನಿನ್ನೆ ಒಂದು ದಿನದ ಮಟ್ಟಿಗೆ ಸಿಕ್ಕಿತ್ತು. ಚಿತ್ರದುರ್ಗದಿಂದ ಪಶುವೈದ್ಯ ಡಾ. ಜಯಕುಮಾರ್ ಬರಲು ಒಪ್ಪಿದ್ದರು. ಶನಿವಾರ ಸಂಜೆ ಬೋನು ಇಟ್ಟು ಒಂಬತ್ತು ಬೆಕ್ಕು ಹಿಡಿದೆ. ಹೆಣ್ಣು ಬೆಕ್ಕಿಗೆ ಹಾಲಿದೆಯೇ ಎಂದು ನೋಡಿಯೇ ಹಿಡಿಯಬೇಕು, ಹಾಲಿದ್ದರೆ ಬಿಟ್ಟುಬಿಡಬೇಕು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಎಂಟನ್ನು ನೋಡಿದೆ. ಒಂಬತ್ತನೆಯದು ನಿಮ್ಮ ಬೂದಿ. ಪರಚಿತು. ಕತ್ತಲಾಗುತ್ತಿತ್ತು. ನೋಡದೆ ಬಾಗಿಲು ಹಾಕಿದೆ.

ನಿನ್ನೆ ಹನ್ನೊಂದಕ್ಕೆ ಮೇಜಿನ ಮೇಲೆ ಅದು ಅರಿವಳಿಕೆಯಲ್ಲಿ ಮಲಗಿತ್ತು. ಹೊಟ್ಟೆಯ ಕೂದಲು ತೆಗೆಯುತ್ತಿದ್ದ ಡಾಕ್ಟರ ಕೈ ನಿಂತಿತು. "ಮೇಡಂ, ಇದಕ್ಕೆ ಹಾಲೈತೆ. ಮರಿ ಎಲ್ಲಿ ಅವೆ?"

ರಾತ್ರಿಯಿಡೀ ಅದು ಬೋನಿನೊಳಗಿತ್ತು. ಹೇಗೂ ಅರಿವಳಿಕೆ ಕೊಟ್ಟಾಗಿದೆ, ಆಪರೇಷನ್ ಬೇಗ ಮುಗಿಸಿ ಸಂಜೆಯೊಳಗೆ ಬಿಡುವೆ, ಆದರೆ ಮರಿಗಳು ಅಷ್ಟು ಹೊತ್ತು ತಾಳುವುದು ಕಷ್ಟ, ಹುಡುಕಿ ಎಂದರು ಡಾಕ್ಟರು.

ನಮ್ಮ ಬೀದಿಯ ಹಿತ್ತಿಲು, ಚರಂಡಿ, ಸೌದೆ ರಾಶಿ, ಎಲ್ಲ ತಡಕಿದೆ. ಕಬ್ಬಿಣದ ಅಂಗಡಿಯ ಉಗ್ರಪ್ಪ ಬೀದಿಯ ನಡುವೆ ನಿಂತು, "ಟೀಚರಮ್ಮ, ತಾಯಿ ಮರಿ ಅಗಲ್ಸಿ ಏನ್ ಪುಣ್ಯ ಕಟ್ಕಂತೀಯ?" ಎಂದು ಎಲ್ಲರಿಗೂ ಕೇಳುವಂತೆ ಬೈದರು. ತಲೆ ತಗ್ಗಿಸಿ ಅವರ ಅಟ್ಟವನ್ನೂ ಹುಡುಕಿದೆ. ಮೂರು ಗಂಟೆಗೆ ಶಾಲೆಗೆ ಮರಳಿದಾಗ ಉಳಿದ ಬೆಕ್ಕುಗಳೆಲ್ಲ ಎದ್ದು ಕುಳಿತಿದ್ದವು. ಬೂದಿ ಮಾತ್ರ ತಲೆ ಎತ್ತಿರಲಿಲ್ಲ. ಮೈ ತಣ್ಣಗಿತ್ತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಡಾಕ್ಟರು ಅದರ ಎದೆಯ ಮೇಲಿಂದ ಕೈ ತೆಗೆಯದೆ ಕುಳಿತಿದ್ದರು.

ಆಗ ಬಂದವರು ಅದೇ ಉಗ್ರಪ್ಪ. ಬೈಯಲಿಲ್ಲ. "ಚಂದ್ರಕ್ಕನ ಮನೇಲಿ ಒಂದ್ವಾರದಿಂದ ಕುಯ್ ಕುಯ್ ಅಂತೈತೆ. ಇಲಿ ಅಂದ್ಕಂಡಿದ್ದೆ. ಇವತ್ತು ಸದ್ದಿಲ್ಲ" ಎಂದರು.

ನಿಮಗೆ ಏಳು ಸಲ ಫೋನ್ ಮಾಡಿದೆ, ಅಕ್ಕ. ಆಮೇಲೆ ಉಗ್ರಪ್ಪನ ಕೈಯಿಂದ ನಿಮ್ಮ ಬೀಗ ಒಡೆಸಿದೆ. ಅಡುಗೆಮನೆ ಕಿಟಕಿಯ ಮುರಿದ ಸರಳಿನ ಸಂದಿಯಿಂದ ಬೂದಿ ಓಡಾಡುತ್ತಿತ್ತು. ಟ್ರಂಕಿನ ಹಿಂದೆ, ನಿಮ್ಮ ಹಳೆಯ ಸೀರೆಗಳ ಮೇಲೆ, ಇನ್ನೂ ಕಣ್ಣು ಬಿಡದ ಮೂರು ಮರಿ. ಒಂದು ಸತ್ತಿತ್ತು. ಎರಡು ಬಾಯಿ ತೆರೆಯುತ್ತಿದ್ದವು, ದನಿ ಇರಲಿಲ್ಲ. ಉಗ್ರಪ್ಪ ಅಂಗಿ ಬಿಚ್ಚಿ ಅದರಲ್ಲಿ ಸುತ್ತಿಕೊಂಡು ಶಾಲೆಗೆ ಓಡಿದರು. ಡಾಕ್ಟರು ಮೊದಲು ಮೈ ಬೆಚ್ಚಗೆ ಮಾಡಿ, ತಮ್ಮಲ್ಲಿದ್ದ, ಬೆಕ್ಕಿನ ಮರಿಗಳಿಗೆ ಕುಡಿಸುವ ಹಾಲಿನ ಪುಡಿ ಕಲಸಿ ಹನಿಹನಿಯಾಗಿ ಕುಡಿಸಿದರು. ಐದೂವರೆಗೆ ಬೂದಿ ಕಣ್ಣು ಬಿಟ್ಟಿತು. ಕತ್ತಲಾಗುವ ಮೊದಲು ತಾಯಿಯನ್ನೂ ಎರಡು ಮರಿಗಳನ್ನೂ ನಿಮ್ಮ ಮನೆಗೇ ಸೇರಿಸಿದೆವು. ಬೂದಿ ಸೀರೆಯನ್ನೆಲ್ಲ ಮೂಸಿತು. ಸತ್ತ ಮರಿ ಇದ್ದ ಜಾಗವನ್ನು ಬಹಳ ಹೊತ್ತು ಮೂಸಿತು. ಆಮೇಲೆ ಮಲಗಿ ಹಾಲು ಕೊಟ್ಟಿತು.

ಆ ಮರಿಯನ್ನು ನಿಮ್ಮ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ. ಅದು ನನ್ನ ತಪ್ಪು. ಡಾಕ್ಟರದ್ದೂ ಅಲ್ಲ, ಆಪರೇಷನ್‌ದೂ ಅಲ್ಲ.

ಆದರೂ ಕೆಲಸ ನಿಲ್ಲಿಸುವುದಿಲ್ಲ. ಇನ್ನು ಮುಂದೆ ಹಾಲು ನೋಡದೆ ಒಂದು ಬೆಕ್ಕೂ ಒಳಗೆ ಹೋಗದಂತೆ ತಾವೇ ಬಾಗಿಲಲ್ಲಿ ನಿಲ್ಲುವುದಾಗಿ ಉಗ್ರಪ್ಪ ಹೇಳಿದ್ದಾರೆ. ಆದರೆ ಯಾವ ಬೆಕ್ಕು ಯಾವಾಗ ಮರಿ ಹಾಕಿದೆ ಎಂಬುದು ಈ ಬೀದಿಯಲ್ಲಿ ನಿಮ್ಮೊಬ್ಬರಿಗೇ ಗೊತ್ತು. ಬೈಯುವುದಕ್ಕಾದರೂ ಬನ್ನಿ. ಹೊಸ ಬೀಗದ ಕೀ ನನ್ನ ಹತ್ತಿರವಿದೆ.

ನಿಮ್ಮ
ಅಂಜಲಿ

ತಾ.ಕ.: ಹೋದ ಮಳೆಗಾಲದಲ್ಲಿ ನೀವು ಸಾಕಲಾಗದೆ ಐದು ಮರಿಗಳನ್ನು ನನ್ನ ಕೈಗೆ ಕೊಟ್ಟಿರಿ. ಭೀಮಸಮುದ್ರದ ತೋಟದವರಿಗೆ ಕೊಟ್ಟೆ, ಚೆನ್ನಾಗಿವೆ ಎಂದು ನೀವು ಕೇಳಿದಾಗಲೆಲ್ಲ ಹೇಳಿದೆ. ಅವರು ತೆಗೆದುಕೊಳ್ಳಲಿಲ್ಲ ಅಕ್ಕ. ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದೆ ರಟ್ಟಿನ ಡಬ್ಬಿ ಇಟ್ಟು, ತಿರುಗಿ ನೋಡದೆ ಬಸ್ ಹತ್ತಿದೆ. ಹೊಟ್ಟೆ ಕುಯ್ಸಾಕೆ ನಾನ್ಯಾರು ಎಂದು ಕೇಳಿದಿರಲ್ಲ, ಆ ಐದು ಮರಿಗಳನ್ನು ಅಲ್ಲಿ ಬಿಟ್ಟುಬಂದವಳು ನಾನು.