ಗೋಧಿಯ ಹಳದಿ ಗೀರು

25 ಆಗಸ್ಟ್ 2024, ಭಾನುವಾರ, ಸಂಜೆ

ಗೋಧಿಗೆ ಎರಡು ಕ್ಯಾನ್ ನೀರು ಹಾಕಿದೆ. ಬೇಲಿ ಬುಡದ ಹುಲ್ಲು ಮೊಣಕಾಲಿಗೆ ಬಂದಿದೆ. ಕೀಳಬೇಕು, ಈ ಬಾಡಿಗೆ ತೋಟಗಳ ಕ್ಲೈನ್‌ಗಾರ್ಟನ್ ಸಂಘದವರು ತಕರಾರು ತೆಗೆಯುವ ಮೊದಲು. ನಾಳೆ. ಹ್ಯಾನೋವರಿನಲ್ಲಿ ಇಷ್ಟು ಸೆಖೆ ಯಾವತ್ತೂ ಇರಲಿಲ್ಲ ಅಂತ ಪ್ರತಿ ವರ್ಷ ಅನ್ನಿಸುತ್ತದೆ…

ಎಂದಿನಂತೆ ರೆಬೆಕಾ ಬಂದಿದ್ದಳು. ನನ್ನ ಹೆಂಡತಿ ವೇದಾಳ ಕೊನೆಯ ಸ್ಟೂಡೆಂಟ್, ಅವಳ ಹಾಗೇ ಗಿಡದ ರೋಗ ಓದುವವಳು, ಮಂಗಳೂರಿನವಳು. ವೇದಾ ಹೋದ ಮೇಲೂ ಭಾನುವಾರದ ಊಟ ತಪ್ಪಿಸಿಲ್ಲ. ವಾರದಲ್ಲಿ ನಾನು ಕನ್ನಡಕ್ಕೆ ಬಾಯಿ ತೆರೆಯುವುದು ಅದೊಂದೇ ದಿನ. ಉಳಿದಂತೆ ಎದುರಾದರೆ ಗುಟೆನ್ ಟಾಗ್, ಹೊರಡುವಾಗ ಚ್ಯೂಸ್, ಮುಗಿಯಿತು. ಜುಣಕ ಮಾಡಿದ್ದೆ.

"ಉಪ್ಪು ಮರ್ತಿರಿ ಅಂಕಲ್. ಪರ್ವಾಗಿಲ್ಲ, ಉಪ್ಪಿನಕಾಯಿ ಉಂಟಲ್ಲ."

ಆಮೇಲೆ ಗೋಧಿ ನೋಡಿದಳು. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದಳು. ಉದ್ದಕ್ಕೂ ಹಳದಿ ಗೀರು. ಅಂಚು ಒಳಕ್ಕೆ ಸುರುಳಿ.

"ಬಿಸಲಿಗೆ ಆಗಿರಬೇಕವಾ," ಅಂದೆ.

"ಬಿಸಿಲು ಇಷ್ಟು ನೀಟಾಗಿ ಗೀರು ಹಾಕುದಿಲ್ಲ ಮಾರಾಯ್ರೆ."

ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಂಡಳು. ವೇದಾ ಹೀಗೇ ತೊಳೆಯುತ್ತಿದ್ದಳು.

30 ಆಗಸ್ಟ್

ರೆಬೆಕಾ ಫೋನ್. ವೈರಸ್ ಅಂತೆ. ಹೊತ್ತು ತರುವುದು ಒಂದು ನುಸಿ. ಕಣ್ಣಿಗೆ ಕಾಣದು, ರೆಕ್ಕೆಯಿಲ್ಲ, ಗಾಳಿಯ ಮೇಲೆ ಸವಾರಿ. ಬಟ್ಟೆಯ ಮೇಲೂ. ಹಳೆಯ ಪೈರು ಒಣಗಿ ಹೊಸದು ಮೊಳೆಯುವ ತನಕ ನಡುವೆ ಒಂದಿಷ್ಟು ಹಸಿರು ಸಿಕ್ಕರೆ ಸಾಕು, ಬದುಕಿಬಿಡುತ್ತದೆ. ಬೇಲಿಯ ಕಾಡುಹುಲ್ಲಾದರೂ ನಡೆದೀತು. ಔಷಧಿ ಇಲ್ಲ. ಎಲ್ಲ ಕೀಳಬೇಕು. ಕಿತ್ತ ಮೇಲೆ ಎರಡು ವಾರ ಅಲ್ಲೊಂದು ಗರಿಯೂ ಹಸಿರಾಗಿರಬಾರದು.

ವೇದಾ ಊಟದ ಮೇಜಿನಲ್ಲಿ ವರ್ಷಗಟ್ಟಲೆ ಹೇಳಿದ್ದು ಇದೇ. ನಾನು ಹೂಂ ಅನ್ನುತ್ತಿದ್ದೆ. ನನ್ನದು ಧಾರವಾಡದ ಬಿ.ಎ. ಇಂಗ್ಲಿಷಿನಲ್ಲಿ ಪ್ರೆಸಿ, ಅಂದರೆ ಸಾರಾಂಶ, ಬರೆಸುತ್ತಿದ್ದರು — ಒನ್ ಥರ್ಡ್ ಆಫ್ ದಿ ಒರಿಜಿನಲ್. ಅವಳು ಹೇಳಿದ್ದರಲ್ಲಿ ಒನ್ ಥರ್ಡ್ ಕೂಡ ತಲೆಯಲ್ಲಿ ಉಳಿದಿಲ್ಲ.

"ಅಲ್ಲಿವರೆಗೆ ನಂಗೆ ಬರ್ಲಿಕ್ಕೆ ಆಗುದಿಲ್ಲ ಅಂಕಲ್. ಗ್ಲಾಸ್‌ಹೌಸಲ್ಲಿ ನನ್ನ ಮೂರು ವರ್ಷದ ಕೆಲಸ ಉಂಟು. ಒಂದು ನುಸಿ ಹೊಕ್ಕರೆ ಎಲ್ಲ ಹೋಯ್ತು. ಸ್ವಲ್ಪ ಕಾಳು ತೆಗ್ದಿಟ್ಟಿದ್ದೀರಲ್ಲ?"

ಇಲ್ಲ. ಜೂನಿನಲ್ಲಿ ಬಂದ ಕಾಳನ್ನೆಲ್ಲ ಅದೇ ಮಣ್ಣಿಗೆ ಮತ್ತೆ ಬಿತ್ತಿದೆ. ಈಗಿರುವುದಕ್ಕೆ ತೆನೆ ಬಿಡುವ ಲಕ್ಷಣವಿಲ್ಲ. ಕಿತ್ತರೆ ಮುಗಿಯಿತು.

ನೋಡೋಣ ಅಂದೆ.

1 ಸೆಪ್ಟೆಂಬರ್, ಭಾನುವಾರ

ಒಬ್ಬನಿಗೇ ಅಡಿಗೆ. ಮಾಡಲಿಲ್ಲ. ಬ್ರೆಡ್.

ಹೋದ ವರ್ಷ ನವರಾತ್ರಿಗೆ ವೇದಾ ಘಟ್ಟ ಹಾಕಿದ್ದಳು. ತಟ್ಟೆಯಲ್ಲಿ ಮಣ್ಣು, ಅದರಲ್ಲಿ ಊರಿಂದ ತಂದ ಜವೆಗೋಧಿ. ದಶಮಿಗೆ ಆ ಸಸಿ ಮುಡಿದು, ಉಳಿದದ್ದನ್ನು ಹರಿಯುವ ನೀರಿಗೆ ಬಿಡುವುದು ರೂಢಿ. ಅಷ್ಟು ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿ. ದೀಪಾವಳಿಗೆ ಇರಲಿಲ್ಲ.

ಲೈನೆ ಹೊಳೆಯವರೆಗೂ ತಟ್ಟೆ ಹಿಡಿದು ಹೋಗಿದ್ದೆ. ಬಿಡಲಾಗಲಿಲ್ಲ. ತಂದು ತೋಟದಲ್ಲಿ ನೆಟ್ಟೆ. ಚಳಿಗಾಲವಿಡೀ ಗಾಜು ಹೊದಿಸಿದೆ. ಒಂದು ಒಣಗುವ ಮೊದಲೇ ಪಕ್ಕದಲ್ಲಿ ಇನ್ನೊಂದು. ಒಂದು ದಿನವೂ ಆ ಮಡಿ ಬರಿದಾಗಿಲ್ಲ.

ರೋಗ ಉಳಿದದ್ದೂ ಅದಕ್ಕೇ ಅಂತೆ.

15 ಸೆಪ್ಟೆಂಬರ್

ರೆಬೆಕಾ ಫೋನ್. ಹೊರಗೆ ಸಿಗೋಣ, ಕಾಫಿಗೆ. "ತೋಟಕ್ಕೆ ಹೋಗುದಕ್ಕಿಂತ ಮೊದ್ಲೇ ಬನ್ನಿ ಅಂಕಲ್. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿ, ಅಷ್ಟೆ."

"ಅಂದ್ರ ನನ್ನ ಮುಟ್ಟಿದ್ರ ಮೈಲಿಗಿ ಆಗತದ?"

"ಹಾಗಲ್ಲ ಮಾರಾಯ್ರೆ…"

"ಮತ್ತ ಹೆಂಗ?"

ಇಟ್ಟುಬಿಟ್ಟೆ. ಛೇ. ಅವಳು ಹೇಳಿದ್ದು ಸರಿ. ಅದು ಗೊತ್ತಿದ್ದೇ ಇಟ್ಟೆ.

3 ಅಕ್ಟೋಬರ್

ನವರಾತ್ರಿ ಮೊದಲ ದಿನ. ಇಲ್ಲಿಯವರಿಗೂ ರಜೆ, ಅವರದೇ ಬೇರೆ ಕಾರಣಕ್ಕೆ. ಟರ್ಕಿಯವರ ಅಂಗಡಿಯಿಂದ ನಿನ್ನೆಯೇ ಗೋಧಿ ತಂದಿದ್ದೆ. ತಟ್ಟೆ ತೊಳೆದೆ. ಕೈ ಬರಲಿಲ್ಲ. ಗೋಧಿ ಡಬ್ಬಿಗೆ, ತಟ್ಟೆ ಕಪಾಟಿಗೆ.

ರೆಬೆಕಾ ಮೂರು ಸಲ ಫೋನ್ ಮಾಡಿದ್ದಳು. ಎತ್ತಲಿಲ್ಲ. ಬಿ.ಎ.ಯಲ್ಲಿ ಉರು ಹೊಡೆದ ಪತ್ರದ ಸಾಲು ನೆನಪಾಯಿತು, ದಿ ಅಂಡರ್‌ಸೈನ್ಡ್ ರಿಗ್ರೆಟ್ಸ್ ಟು ಇನ್‌ಫಾರ್ಮ್… ಮುಂದೆ ಏನೋ ಬರುತ್ತಿತ್ತು.

ಗೋಧಿ ಇನ್ನಷ್ಟು ಹಳದಿ. ಆದರೂ ನಿಂತಿದೆ.

12 ಅಕ್ಟೋಬರ್, ದಶಮಿ

ರೆಬೆಕಾ ತೋಟದ ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ. ಬನ್ನಿ ಎಲೆ ಇಲ್ಲಿ ಎಲ್ಲಿಂದ? ವೇದಾ ಪ್ರತಿ ವರ್ಷ ಲಿಂಡೆನ್ ಮರದ ಎಲೆಯನ್ನೇ ಬನ್ನಿ ಅಂತ ಅವಳ ಕೈಗೆ ಕೊಡುತ್ತಿದ್ದಳು. ಕ್ರಿಶ್ಚಿಯನ್ ಹುಡುಗಿ, ಬೈಬಲಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

ಅಂಥದೇ ಒಂದೆಲೆ ಕಿತ್ತು ಗೇಟಿಗೆ ಹೋದೆ. ಚಾಚಿದೆ. ಎರಡೂ ಕೈ ಜೇಬಿಗೆ ಹಾಕಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಕಣ್ಣು ಕೆಂಪು.

"ಬೇಡ ಅಂಕಲ್. ಪ್ಲೀಸ್. ಫೋನ್ ಎತ್ತುದಿಲ್ಲ ನೀವು, ಅದಕ್ಕೆ ಬಂದೆ. ನಂಗೆ ಸ್ಟುಟ್‌ಗಾರ್ಟ್ ಕಡೆ ಕೆಲಸ ಸಿಕ್ಕಿತು. ಇಪ್ಪತ್ನಾಲ್ಕಕ್ಕೆ ಹೊರಡುದು. ಗಿಡ ಎಲ್ಲ ವ್ಯಾನಲ್ಲಿ ನನ್ನ ಜೊತೆಗೇ."

"ಚಲೋ ಆತು," ಅಂದೆ. ಬೇರೆ ಏನು ಅನ್ನಬೇಕಿತ್ತು?

ಅದೇ ದಿನ, ಸಂಜೆ

ಕಿತ್ತೆ. ಗೋಧಿ, ಬೇಲಿ ಹುಲ್ಲು, ಎಲ್ಲ. ಬೇರು ಸಲೀಸಾಗಿ ಬಂತು, ಹಿಡಿದುಕೊಂಡೇ ಇರಲಿಲ್ಲ ಅನ್ನುವ ಹಾಗೆ. ಕಪ್ಪು ಚೀಲದಲ್ಲಿ ತುಂಬಿ ಬಾಯಿ ಕಟ್ಟಿದೆ. ವೇದಾಳನ್ನು ಒಯ್ದ ದಿನ ಅಳು ಬಂದಿರಲಿಲ್ಲ.

ಫೋನ್ ಮಾಡಿದೆ. "ಎಲ್ಲಾ ಕಿತ್ತೇನವಾ. ನಾಳಿ ಊಟಕ್ಕ ಬಾ."

"ಎರಡು ವಾರ ಅಂಕಲ್," ಅಂದಳು. "ಅಷ್ಟರೊಳಗೆ ನಾನು ಹೋಗಿ ಆಗ್ತದೆ."

24 ಅಕ್ಟೋಬರ್

ಸ್ನಾನ. ಅಂಗಡಿಯ ಕವರಿನಿಂದ ಈಗಷ್ಟೇ ತೆಗೆದ ಅಂಗಿ, ಹೊಸ ಜಾಕೆಟ್, ಹೊಸ ಬೂಟು ಕೂಡ. ಆದರೂ ಅವಳ ಮನೆಯ ಎದುರಿನ ಫುಟ್‌ಪಾತಿನಲ್ಲೇ ನಿಂತೆ. ದಾಟಲಿಲ್ಲ. ವ್ಯಾನಿನಲ್ಲಿ ಬಿಳಿ ಜಾಲರಿಯೊಳಗೆ ಗಿಡಗಳು, ನೆಟ್ಟಗೆ, ಹಸಿರಾಗಿ. ಒಂದು ಗೀರಿಲ್ಲ.

ನನ್ನನ್ನು ನೋಡಿ ಅಲ್ಲಿಂದಲೇ ಫೋನ್ ಮಾಡಿದಳು. ರಸ್ತೆಯ ಆಚೆ ಅವಳು, ಈಚೆ ನಾನು, ಕಿವಿಗೆ ಫೋನ್. ನಡುವೆ ಟ್ರಾಮ್ ಹೋದಾಗ ದನಿ ಮಾತ್ರ.

"ಜಾಕೆಟ್ ಒಳ್ಳೆದುಂಟು ಅಂಕಲ್."

"ತುಟ್ಟಿ ಅದ."

"ಮೇಡಂ ಇದ್ದಿದ್ರೆ ಬೈತಿದ್ರು." ನಕ್ಕಳು. ಆಮೇಲೆ, ಮೆಲ್ಲಗೆ, "ಮೇಡಂ ಇದ್ದಿದ್ರೆ ಆ ಗೋಧಿ ಒಂದೇ ದಿನದಲ್ಲಿ ಕೀಳ್ತಿದ್ರು."

"ಹೌದವಾ," ಅಂದೆ. "ಆಕಿ ಇದ್ದಿದ್ರ ನಾನೂ ಕೀಳ್ತಿದ್ದೆ."

ಡ್ರೈವರ್ ಕರೆದ. ಕೈ ಎತ್ತಿದಳು. ನಾನೂ ಎತ್ತಿದೆ. ವ್ಯಾನ್ ತಿರುವಿನಲ್ಲಿ ಮರೆಯಾದ ಮೇಲೂ ಫೋನ್ ಕಟ್ ಆಗಿರಲಿಲ್ಲ. ಇಂಜಿನ್ನಿನ ಸದ್ದು. ಅವಳ ಉಸಿರು. ನಾನು ಹಲೋ ಅಂದೆ. ಅವಳು ಏನೋ ಹೇಳಿದಳು, ಆಮೇಲೆ ಲೈನ್ ಕಟ್ ಆಯಿತು.