ಎಡಗಡೆಯ ಸೀಟು

ಹಲಸೂರು
18-9-1949

ಚಿ. ಸೌ. ಆದಿಲಕ್ಷ್ಮಿಗೆ,

ನಿನ್ನ ಅಪ್ಪ ಮುನಿರಾಜಪ್ಪನ ಆಶೀರ್ವಾದಗಳು. ಇಲ್ಲಿ ನಾನು, ಮೂರು ಕೋಳಿ, ಕೆಟ್ಟು ನಿಂತ ಒಂದು ಲಾರಿ, ಎಲ್ಲರೂ ಇದ್ದಲ್ಲೇ ಇದ್ದೇವೆ. ನಿನ್ನ ಯಜಮಾನರು ಅಂಜನಮೂರ್ತಿ ಬರೆದ ಕಾರ್ಡು ಕೈಸೇರಿ ಹದಿನೈದು ದಿನವಾಯಿತು. ಉತ್ತರ ಬರೆಯಲು ದಿನವೂ ಕೂರುತ್ತಿದ್ದೆ. ಕೈಯ ಗ್ರೀಸು ಕಾಗದಕ್ಕೆ ಹತ್ತಿತು ಎಂದು ನೆಪ ತೆಗೆದು ಏಳುತ್ತಿದ್ದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಅವರು ಬರೆದದ್ದು ನಾಲ್ಕೇ ಸಾಲು. ಗೌರಿ ಹಬ್ಬದ ದಿನ ನೀನು ಮಾರಿಕುಪ್ಪದಿಂದ ರೈಲು ಹತ್ತಿ ಬಂದೆಯಂತೆ. ನಮ್ಮ ಷೆಡ್ಡಿನ ಗೇಟಿನಲ್ಲಿ ನಿಂತು ಮೂರು ಸಲ ಅಪ್ಪಾ ಎಂದು ಕರೆದೆಯಂತೆ. ಕಾರಿನ ಮೇಲೆ ಬಗ್ಗಿದ್ದ ನಾನು ತಲೆ ಎತ್ತಲಿಲ್ಲವಂತೆ. ಬಂದ ಕಾಲಲ್ಲೇ ಹಿಂದಿರುಗಿದೆಯಂತೆ. ‘ಯುಗಾದಿಯ ಜಗಳ ಅಪ್ಪ ಮರೆತಿಲ್ಲ, ಇನ್ನು ಆ ಗೇಟಿಗೆ ಕಾಲಿಡಲ್ಲ ಅಂತಾಳೆ’ ಎಂದು ಬರೆದಿದ್ದಾರೆ.

ಜಗಳ ಅಂದರೆ ಏನಿತ್ತು ಮಗಳೇ? ಅಮ್ಮ ಹೋದ ಮೇಲೆ ಒಬ್ಬನೇ ಇದ್ದೀಯ, ಷೆಡ್ಡು ಮುಚ್ಚಿ ನಮ್ಮ ಜೊತೆ ಇರು ಬಾ ಎಂದು ನೀನು ಕರೆದೆ. ನನ್ನ ಕೆಲಸದ ಸುದ್ದಿಗೆ ಬರಬೇಡ ಎಂದು ನಾನು ಹಾರಾಡಿದೆ. ತಪ್ಪು ನನ್ನದೇ. ಆದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೂತವನಲ್ಲ ನಾನು. ನೀನು ಅದನ್ನು ನಂಬುವ ಹಾಗೆ ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಅದಕ್ಕೇ ಮೊದಲು ಕಾರಿನ ಕಥೆ ಹೇಳುತ್ತೇನೆ. ಕಥೆ ಶುರುವಾದರೆ ಮುಗಿಯುವವರೆಗೆ ಏಳುತ್ತಿರಲಿಲ್ಲ ನೀನು.

ಕಾಕ್ಸ್‌ಟೌನಿನಲ್ಲಿ ಒಬ್ಬ ದೊರೆ ಇದ್ದ. ಸ್ವಾತಂತ್ರ್ಯ ಬಂದ ವರ್ಷ ಹಡಗು ಹತ್ತಿದ. ಅವನ ಎಂ.ಜಿ. ಕಾರು, ಎರಡೇ ಸೀಟಿನದು, ಬಟ್ಟೆಯ ಚಾವಣಿ, ಸೈಕಲ್ಲಿಗಿರುವಂಥ ಕಡ್ಡಿಯ ಚಕ್ರ, ಬಂಗಲೆಯ ಹಿಂದೆ ಎರಡು ಮಳೆಗಾಲ ನೆನೆಯುತ್ತಾ ನಿಂತಿತ್ತು. ರಸೆಲ್ ಮಾರುಕಟ್ಟೆಯ ಹತ್ತಿರ ಚರ್ಮದ ಮಂಡಿ ಇಟ್ಟಿರುವ ಗಯಾಜ್ ಸಾಹೇಬರು ಅದನ್ನು ಕೊಂಡು, ಎತ್ತು ಕಟ್ಟಿ ಎಳೆಸಿಕೊಂಡು ನಮ್ಮ ಷೆಡ್ಡಿಗೆ ತಂದರು.

‘ಮುನಿರಾಜಪ್ಪ, ಇದನ್ನ ಮದುವೆ ಹೆಣ್ಣಿನ ಥರ ಮಾಡಿಕೊಡ್ಬೇಕು ನೀವು.’

‘ಹೆಣ್ಣಿಗೆ ಮೊದ್ಲು ಮೂಳೆ ಇರ್ಬೇಕಲ್ಲ ಸಾಹೇಬ್ರೆ’ ಎಂದೆ.

ಸುಮ್ಮನೆ ಅಂದದ್ದಲ್ಲ. ಆ ಕಾರಿನ ತಗಡಿನ ಒಳಗೆ ಇರುವುದು ಮರದ ಚೌಕಟ್ಟು. ಇಂಗ್ಲೆಂಡಿನ ಮರ, ನಮ್ಮ ಗೆದ್ದಲು. ಕೈಯಿಟ್ಟಲ್ಲಿ ಪುಡಿ. ಗಾಡಿ ಮಾಡುವ ಬಡಗಿ ಬೈಲಪ್ಪನನ್ನು ಕರೆಸಿದೆ. ಅವನು ಒಂದು ಸುತ್ತು ಬಂದು, ಬಗ್ಗಿ ನೋಡಿ, ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

‘ಏನಣ್ಣೋ, ಲಂಡನ್ ಕಾರು ಅಂದೆ. ಒಳಗೆ ನಮ್ ಗಾಡೀನೇ ಐತಲ್ಲ. ಎತ್ತು ಕಳ್ಸೋದು ಮರ್ತವ್ರೆ.’

ನಕ್ಕುಕೊಂಡೇ ಎರಡು ತಿಂಗಳು ಕೂತು, ಇಡೀ ಚೌಕಟ್ಟನ್ನು ತೇಗದಲ್ಲಿ ಮಾಡಿಕೊಟ್ಟ. ಅದರ ಮೇಲೆ ನಾನು ಹಳೆಯ ತಗಡನ್ನು ಕೂರಿಸಿದೆ.

ಉಳಿದದ್ದು ಇಂಜಿನ್ನು. ಅದಕ್ಕೆ ಎರಡು ಕಾರ್ಬುರೇಟರು. ಎರಡೂ ಒಂದೇ ಸಮನೆ ಉಸಿರೆಳೆಯಬೇಕು. ರಬ್ಬರು ಕೊಳವೆಯ ಒಂದು ತುದಿಯನ್ನು ಅದರ ಬಾಯಿಗೂ ಇನ್ನೊಂದನ್ನು ನಿನ್ನ ಕಿವಿಗೂ ಇಡುತ್ತಿದ್ದೆನಲ್ಲ, ನೆನಪಿದೆಯೇ? ಹತ್ತು ವರ್ಷದವಳು ನೀನು. ‘ಬಲಗಡೇದಕ್ಕೆ ನೆಗಡಿ ಅಪ್ಪಾ, ಇನ್ನೊಂಚೂರು ತಿರುಗ್ಸು’ ಎನ್ನುತ್ತಿದ್ದೆ.

ಗೌರಿ ಹಬ್ಬದ ದಿನ ನಾನು ಮಾಡುತ್ತಿದ್ದದ್ದು ಆ ಕೆಲಸವೇ. ಬೆಳಿಗ್ಗೆ ನಿನಗೆಂದು ಹಸಿರು ಬಳೆ, ರವಿಕೆ ಕಣ ತಂದಿದ್ದೆ. ಬರುತ್ತೀಯೋ ಇಲ್ಲವೋ ಎಂದು ಸಂಜೆಯವರೆಗೆ ಕಾದೆ.

ಮರುದಿನ ಸಾಹೇಬರು ಹೆಂಡತಿ ನೂರುನ್ನೀಸಾ ಅವರನ್ನು ಕೂರಿಸಿಕೊಂಡು ಹೊರಟರು. ಕೆರೆಯ ಪಕ್ಕದ ಏರಿನಲ್ಲಿ ಕಾರು ಕೆಮ್ಮಿ ನಿಂತಿತು. ಆ ತಾಯಿ ಇಳಿದು, ‘ಈ ಮುದುಕನಿಗೆ ಕಷಾಯ ಕುಡಿಸಿ’ ಎಂದು ಜಟಕಾ ಹಿಡಿದು ಮನೆಗೆ ಹೋದರಂತೆ. ಸಾಹೇಬರು ಬಂದು ಹೇಳಿದಾಗ ಪೆಟ್ರೋಲಿನಲ್ಲಿ ಕಸ ಇದೆ ಎಂದುಬಿಟ್ಟೆ. ಸುಳ್ಳು. ಎರಡು ಕಾರ್ಬುರೇಟರುಗಳೂ ಸಮ ಇರಲಿಲ್ಲ. ಮೂವತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ.

ಮತ್ತೆ ಕೂತೆ. ಈ ಸಲ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಒಂದೊಂದೇ ಕಾರ್ಬುರೇಟರಿಗೆ ಒತ್ತಿ, ಅದರ ನಡುಕ ಹಿಡಿದು ಸರಿ ಮಾಡಿದೆ. ಸಾಹೇಬರು ನನ್ನ ಮುಖದ ಹತ್ತಿರ ಬಗ್ಗಿ, ‘ಕ್ಯಾ ಮುನಿರಾಜಪ್ಪ, ಮೋಟಾರ್ ತಿಂತೀರೇನ್ರೀ? ಮನೆಯಿಂದ ಬಿರಿಯಾನಿ ಕಳಿಸ್ತಿದ್ನಲ್ಲ’ ಎಂದರು. ಇದು ಹೊಸ ಪದ್ಧತಿ ಎಂದೆ.

ಕಾರು ಒಪ್ಪಿಸುವ ಮೊದಲು ಕೃಷ್ಣರಾಜಪುರದವರೆಗೆ ಓಡಿಸಿ ನೋಡಿದೆ. ಪಕ್ಕದ ಸೀಟು ಖಾಲಿ ಇದ್ದರೆ ಕಾರು ನನ್ನ ಕಡೆಗೇ ವಾಲುತ್ತದೆ, ಚಕ್ರದ ಹದ ಗೊತ್ತಾಗುವುದಿಲ್ಲ. ಕೂರಿಸಿಕೊಳ್ಳಲು ಯಾರೂ ಇರಲಿಲ್ಲ. ಎಡಗಡೆ ಒಂದು ರಾಗಿ ಮೂಟೆ ಇಟ್ಟು, ಬೀಳದ ಹಾಗೆ ಅಮ್ಮನ ಹಳೆಯ ಸೀರೆಯಿಂದ ಕಟ್ಟಿದೆ. ನಾನು ಹುಟ್ಟಿದ ಊರಿನ ಹತ್ತಿರ ಹಳೆಯ ಗೆಳೆಯ ರಾಮಯ್ಯ ಅಡ್ಡ ಹಾಕಿ ಒಳಗೆ ತಲೆ ತೂರಿಸಿದ.

‘ಏನೋ ಮುನಿರಾಜ, ಯಾರಪ್ಪಾ ಈಯಮ್ಮ? ಮಾತೇ ಆಡಕಿಲ್ಲ, ಒಳ್ಳೇ ಸಂಬಂಧ ಬಿಡು.’

ನಾನೂ ನಕ್ಕೆ. ಆಮೇಲೆ ದಾರಿಯುದ್ದಕ್ಕೂ ಆ ಮೂಟೆಗೆ ಹೇಳುತ್ತಾ ಬಂದೆ: ಇದು ನಾನು ಈಜು ಕಲಿತ ಕೆರೆ, ಇದು ಆದಿಲಕ್ಷ್ಮಿಗೆ ನೇರಳೆ ಹಣ್ಣು ಆರಿಸಿಕೊಟ್ಟ ಮರ. ಕೆಲಸ ಚೆನ್ನಾಗಿ ಆಗಿತ್ತು. ಅದನ್ನು ತೋರಿಸಲು ಒಬ್ಬರು ಇರಬೇಕಿತ್ತು, ಅಷ್ಟೇ.

ಮೊನ್ನೆ ಸಾಹೇಬರು ಕಾರು ತೆಗೆದುಕೊಂಡು ಹೋದರು. ಏರಿನಲ್ಲಿ ಒಂದು ಸಲವೂ ಕೆಮ್ಮಲಿಲ್ಲವಂತೆ. ಕಾರು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಉಳಿದಿದೆ. ಗುಡಿಸುವಾಗ ಅದನ್ನು ಸುತ್ತಿಕೊಂಡು ಹೋಗುತ್ತೇನೆ.

ನಿನಗೂ ಅಳಿಯಂದಿರಿಗೂ ದೇವರು ಒಳ್ಳೆಯದು ಮಾಡಲಿ. ಅವರು ಗಣಿಗೆ ಇಳಿಯುವ ದಿನಗಳಲ್ಲಿ ಹೊಟ್ಟೆ ತುಂಬ ಉಣ್ಣಿಸಿ ಕಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು.

ಇಂತಿ ನಿನ್ನ ಅಪ್ಪ,
ಮುನಿರಾಜಪ್ಪ

ಮತ್ತೆ ಒಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ಯುಗಾದಿಗೆ ಮುಂಚೆಯೇ ನನ್ನ ಕಿವಿ ಮಂದವಾಗುತ್ತಿತ್ತು. ಈಗ ಎರಡೂ ಹೋದ ಹಾಗೆಯೇ. ಮುಖದ ಹತ್ತಿರ ಬಂದು ಮಾತಾಡಿದರೆ ಅಷ್ಟಿಷ್ಟು ಗೊತ್ತಾಗುತ್ತದೆ, ಉಳಿದದ್ದು ತುಟಿ ನೋಡಿ ತಿಳಿಯುತ್ತೇನೆ. ಕಿವುಡ ಮೆಕ್ಯಾನಿಕ್ಕನಿಗೆ ಯಾರು ಇಂಜಿನ್ನು ಒಪ್ಪಿಸುತ್ತಾರೆ ಎಂದು ಯಾರಿಗೂ ಹೇಳಿಲ್ಲ. ನಿನಗೂ ಹೇಳಲಿಲ್ಲ. ಹಬ್ಬದ ದಿನ ನೀನು ಕರೆದದ್ದು ನನಗೆ ಗೊತ್ತಾದದ್ದು ಆ ಕಾರ್ಡಿನಿಂದಲೇ. ಬಾ ಮಗಳೇ. ಬಂದಾಗ ಗೇಟಿನಿಂದ ಕರೆಯಬೇಡ. ಒಳಗೆ ಬಂದು ನನ್ನ ಭುಜ ಮುಟ್ಟು.